ರಾಗಿಣಿಯ ಗಲ್ಲದ ಚುಕ್ಕೆಗಳು

ತಿಕೋಟಾದ ಮಾಸ್ತರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಹಾಕಿದ್ದರೆ ಅವರಿಗೇ ಸಿಟ್ಟು ಬರುತ್ತಿತ್ತು. ಹಳೆಯ ಕಾಲದಲ್ಲಿ ರಾಗಮಾಲೆಯ ಚಿತ್ರ ಬರೆದವರು ತಮ್ಮ ಹೆಸರು ಬರೆಯುವ ಗೋಜಿಗೆ ಹೋಗಲಿಲ್ಲ, ಹಾಗಾಗಿ ತಾವೂ ಬರೆಯುವುದಿಲ್ಲ ಎಂಬುದು ಅವರ ಹಟ. ನಾನಾದರೋ, ಎಂಟನೆಯ ಇಯತ್ತೆಯ ಹುಡುಗರಿಗೆ ಬದನೆಕಾಯಿ ಬರೆದು ತೋರಿಸಿದರೂ ಬೋರ್ಡಿನ ಮೂಲೆಯಲ್ಲಿ ಸಹಿ ಹಾಕುತ್ತಿದ್ದವನು. ಮರುದಿನ ಗಣಿತದ ಮಾಸ್ತರು ಬದನೆಕಾಯಿಯ ಜೊತೆಗೆ ನನ್ನ ಸಹಿಯನ್ನೂ ಒರೆಸಿ ಹಾಕುತ್ತಿದ್ದರು. ನನಗೆ ಅದು ಕಲೆಗೆ ಆದ ಅವಮಾನ ಅನ್ನಿಸುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಈಗ ವಿಜಯಪುರವಾಗಿರುವ ನಮ್ಮ ವಿಜಾಪುರದ ಒಂದು ಹೈಸ್ಕೂಲಿಗೆ ನಾನು ಡ್ರಾಯಿಂಗ್ ಮಾಸ್ತರನಾಗಿ ಆಗತಾನೆ ಸೇರಿದ್ದೆ. ಜಲನಗರದಲ್ಲಿ ಒಂದು ಖೋಲಿ, ಗೋಡೆಗೆ ಕಟ್ಟು ಹಾಕಿಸಿದ ನನ್ನ ಡಿಪ್ಲೊಮಾ ಸರ್ಟಿಫಿಕೇಟು, ಅದರ ಕೆಳಗೆ ಹಾಸಿಗೆ. ಅವರು ತಿಕೋಟಾದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ನಿವೃತ್ತಿಗೆ ಮೂರ್ನಾಲ್ಕು ವರ್ಷ ಉಳಿದಿದ್ದವು. ಡ್ರಾಯಿಂಗ್ ಪರೀಕ್ಷೆಯ ಮೇಲ್ವಿಚಾರಣೆಗೆಂದು ಇಬ್ಬರನ್ನೂ ಒಂದೇ ಕೋಣೆಗೆ ಹಾಕಿದ್ದರು. ಮೇಜಿನ ಮೇಲೆ ಒಂದು ತಂಬಿಗೆ, ಎರಡು ಉಳ್ಳಾಗಡ್ಡಿ ಇಟ್ಟು ಹುಡುಗರು ಅವನ್ನು ನೋಡಿ ಬರೆಯಬೇಕು. ಪರೀಕ್ಷೆ ಮುಗಿದದ್ದೇ ತಡ, ಅವರು ಒಂದು ಉಳ್ಳಾಗಡ್ಡಿ ಎತ್ತಿಕೊಂಡು ಗುದ್ದಿ ಒಡೆದು, ರೊಟ್ಟಿಯ ಬುತ್ತಿ ಬಿಚ್ಚಿ ಅರ್ಧ ನನಗೆ ಕೊಟ್ಟರು. ನಾನು ಹಿಂದೆ ಸರಿದೆ.

"ಮಾಡೆಲ್ ತಿನಬಾರದು ಅಂತ ಡಿಪ್ಲೊಮಾದಾಗ ಕಲಿಸ್ಯಾರೇನೋ ತಮ್ಮಾ?" ಅಂದರು.

ನನ್ನ ಡಿಪ್ಲೊಮಾದ ವಿಷಯ ಅವರಿಗೆ ಹೇಗೆ ಗೊತ್ತಾಯಿತು ಎಂದು ಆಶ್ಚರ್ಯಪಟ್ಟೆ. ಆ ದಿನ ಬೆಳಗಿನಿಂದ ಅದನ್ನು ನಾಲ್ಕು ಸಲ ಹೇಳಿದ್ದೆ ಎಂಬುದು ನನಗೆ ಹೊಳೆದಿರಲಿಲ್ಲ.

ಮುಂದಿನ ಭಾನುವಾರವೇ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಅವರು ರಾಗಮಾಲೆ ಬರೆಯುತ್ತಾರೆಂದು ಯಾರೋ ಹೇಳಿದ್ದರು. ಸಂಗೀತದ ರಾಗಗಳನ್ನು ಗಂಡು ಹೆಣ್ಣಿನ ರೂಪದಲ್ಲಿ ಚಿತ್ರ ಬರೆಯುವ ಹಳೆಯ ಪದ್ಧತಿ ಅದು. ಆರು ರಾಗ, ಒಂದೊಂದಕ್ಕೆ ಐದೈದು ರಾಗಿಣಿ, ಒಟ್ಟು ಮೂವತ್ತಾರು ಚಿತ್ರ. ಒಬ್ಬಳು ನಲ್ಲನಿಗಾಗಿ ಕಾಯುತ್ತಿರುತ್ತಾಳೆ, ಇನ್ನೊಬ್ಬಳು ಮುನಿಸಿಕೊಂಡು ಕುಳಿತಿರುತ್ತಾಳೆ, ಮತ್ತೊಬ್ಬಳು ವೀಣೆ ಹಿಡಿದು ಅಡವಿಯಲ್ಲಿ ನಿಂತಿರುತ್ತಾಳೆ. ಆದಿಲಶಾಹಿಯ ಕಾಲಕ್ಕೆ ನಮ್ಮ ವಿಜಾಪುರದಲ್ಲೇ ಇಂಥ ಚಿತ್ರ ಬರೆಯುವವರಿದ್ದರು. ಅವರ ಕೈಯ ಚಿತ್ರಗಳು ಈಗ ಯಾವ ಯಾವ ದೇಶದಲ್ಲೋ ಇವೆ. "ಊರಾಗೂ ಒಂದ ಸೆಟ್ಟ ಇರ್ಲಿ ಅಂತ ಬರ್ಯಾಕತ್ತೇನಿ," ಎಂದು ಮಾಸ್ತರು ಹೇಳಿದರು, ಮನೆಗೆ ಒಂದು ಹೆಚ್ಚಿನ ಕೊಡ ತಂದಿಟ್ಟಷ್ಟೇ ಸಹಜವಾಗಿ.

ಸಾಲೆಯ ಡ್ರಾಯಿಂಗ್ ಹಾಳೆಗಳನ್ನೇ ಮೂರು ಮೂರು ಸೇರಿಸಿ, ಹುಣಸೆಬೀಜದ ಅಂಟು ಹಚ್ಚಿ, ಒಣಗಿದ ಮೇಲೆ ಕವಡೆಯಿಂದ ತಿಕ್ಕಿ ತಿಕ್ಕಿ ನುಣುಪು ಮಾಡುತ್ತಿದ್ದರು. ಬಣ್ಣಕ್ಕೆ ಜಾಲಿ ಗಿಡದ ಅಂಟು, ಕುಂಚಕ್ಕೆ ಕರುವಿನ ಕಿವಿಯ ಕೂದಲು. ಬೆಳಗಿನ ರಾಗದ ಚಿತ್ರವನ್ನು ಬೆಳಗಿನಲ್ಲೇ ಬರೆಯಬೇಕು, ಸಂಜೆಯದನ್ನು ಸಂಜೆಗೇ. ಬರೆಯುವಾಗ ಆ ರಾಗವನ್ನೇ ಮೂಗಿನಲ್ಲಿ ಗುನುಗುತ್ತಿದ್ದರು. ದನಿ ಮೇಲೆ ಹೋದಾಗ ಕುಂಚ ಎತ್ತುತ್ತಿದ್ದರು, ಕೆಳಗೆ ಇಳಿದಾಗ ಕುಂಚವನ್ನೂ ಇಳಿಸುತ್ತಿದ್ದರು. ನನಗೆ ಭೈರವಿಗೂ ಬಸ್ಸಿನ ಹಾರ್ನಿಗೂ ಇರುವ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆದರೂ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದೆ. ಒಮ್ಮೆ ಹೀಗೆ ಎರಡು ನಿಮಿಷ ತಲೆ ತೂಗಿ ಕಣ್ಣು ತೆರೆದರೆ ಅವರು ಎದ್ದು ಹೋಗಿ ಕೈ ತೊಳೆಯುತ್ತಿದ್ದರು. ಒಳಗೆ ಯಾರೋ ಬೀಸುಕಲ್ಲು ತಿರುಗಿಸುತ್ತಿದ್ದರು. ನಾನು ತಲೆ ತೂಗಿದ್ದು ಅದಕ್ಕೆ.

ಅವರ ಚಿತ್ರಗಳಲ್ಲಿ ನಾನು ತಪ್ಪು ತೆಗೆಯದೆ ಬಿಟ್ಟದ್ದಿಲ್ಲ. ರಾಗಿಣಿಯರು ಇಳಕಲ್ಲ ಸೀರೆ ಉಟ್ಟದ್ದು ಯಾವ ಶೈಲಿ? ತೋಡಿಯ ಪಕ್ಕದಲ್ಲಿ ಲಕ್ಷಣವಾದ ಜಿಂಕೆ ಬಿಟ್ಟು ನಮ್ಮ ಹೊಲದ ಚಿಗರಿ ಯಾಕೆ? ಮೇಘ ರಾಗದಲ್ಲಿ ಇಡೀ ಆಕಾಶ ಕಪ್ಪಾಗಬೇಕಾದಲ್ಲಿ ಒಂದೇ ಮೂಲೆಯಲ್ಲಿ ಅಂಗೈಯಷ್ಟು ಮೋಡ ಯಾಕೆ? ಮಾಸ್ತರು ಎಲ್ಲ ಕೇಳಿಸಿಕೊಂಡು, "ಭೂತನಾಳ ಕೆರಿ ಮ್ಯಾಲ ಅಷ್ಟ ಬರತೈತೋ. ಇದ್ದದ್ದ ಬರದೇನಿ," ಎನ್ನುತ್ತಿದ್ದರು.

ಅವರಿಗೆ ಬಹಳ ಪ್ರೀತಿಯದು ವಿಭಾಸ ರಾಗಿಣಿ. ಅದರಲ್ಲಿ ನಲ್ಲೆ ಮಲಗಿದ್ದಾಳೆ, ಬೆಳಕು ಹರಿಯುತ್ತಿದೆ, ಮಾಳಿಗೆಯ ಮೇಲೆ ಹುಂಜ ಕೂಗುತ್ತಿದೆ. ರಾತ್ರಿ ಮುಗಿಯಬಾರದೆಂದು ನಲ್ಲ ಆ ಹುಂಜಕ್ಕೆ ಬಿಲ್ಲು ಗುರಿಯಿಟ್ಟಿದ್ದಾನೆ.

"ಹುಂಜಾ ಸತ್ತರ ಬೆಳಕ ಹರಿಯೂದು ನಿಂದರತೈತೇನ್ರಿ ಸರ್?" ಎಂದು ನಾನು ಬುದ್ಧಿವಂತನಂತೆ ಕೇಳಿದೆ.

"ಅದು ಅವಗೂ ಗೊತ್ತೈತಿ. ಆದ್ರೂ ಬಿಲ್ಲ ಎತ್ಯಾನ ನೋಡು. ನಿನಗ ಲಗ್ನ ಆದ ಮ್ಯಾಲ ತಿಳಿತೈತಿ."

ಲಗ್ನದ ಮಾತು ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಂಥ ಚಿತ್ರಗಳಲ್ಲಿ ಹೆಣ್ಣಿನ ಮುಖ ಯಾವಾಗಲೂ ಪಕ್ಕದಿಂದ ಕಾಣುತ್ತದೆ. ಒಂದೇ ಕಣ್ಣು, ಅದೂ ಮೀನಿನಂತೆ ಉದ್ದ. ಚೂಪು ಮೂಗು, ಸಣ್ಣ ಗದ್ದ. ವಾರವಾರವೂ ಅವನ್ನೇ ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು. ನನಗೆ ರಾಗಿಣಿಯಂಥ ಹೆಂಡತಿಯೇ ಬೇಕೆಂದು ಮೂರು ಕನ್ಯೆಗಳನ್ನು ಬೇಡ ಅಂದಿದ್ದೆ. ನಾಲ್ಕನೆಯದು ಬಬಲೇಶ್ವರದ ಮನೆತನ. ಒಕ್ಕಲುತನದವರು, ಬಜಾರಿನಲ್ಲಿ ಒಂದು ಕಿರಾಣಿ ಅಂಗಡಿಯೂ ಇತ್ತು. ನನ್ನ ತಂದೆ ತೀರಿಕೊಂಡಿದ್ದರಿಂದ ಹಿರಿಯರೆಂದು ಮಾಸ್ತರನ್ನು ಕರೆದುಕೊಂಡು ಹೋದೆ.

ಶಿರಾ ಉಪ್ಪಿಟ್ಟು ಆಯಿತು. ಹುಡುಗಿ ಬಂದು ಚಾಪೆಯ ಮೇಲೆ ಕುಳಿತಳು. ಹೆಸರು ಕೇಳಿದರು, ಎಷ್ಟು ಓದಿದ್ದೀ ಎಂದು ಕೇಳಿದರು. ಆಕೆಯ ತಂದೆ, "ಹುಡುಗಂದು ಏನರ ಕೇಳೂದ ಇದ್ರ ಕೇಳ್ಲಿ," ಅಂದರು. ನಾನು ಗಂಟಲು ಸರಿ ಮಾಡಿಕೊಂಡು ಕೇಳಿದೆ:

"ಒಂದೀಟ ಬಾಗಲಾ ಕಡೆ ಮಾರಿ ಮಾಡ್ತೀರೇನ್ರಿ?"

ಹುಡುಗಿ ಒಳಬಾಗಿಲ ಕಡೆ ಮುಖ ತಿರುಗಿಸಿದಳು. ನಾನು ತಲೆ ಓರೆ ಮಾಡಿ, ಹೆಬ್ಬೆರಳು ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ ಅಳತೆ ನೋಡಿದೆ. ಚಿತ್ರಕಾರರು ಹಾಗೆಯೇ ನೋಡುವುದು. ಆದರೆ ಕನ್ಯೆ ನೋಡಲು ಬಂದವನು ಎಲ್ಲರೆದುರು ಒಂದು ಕಣ್ಣು ಮುಚ್ಚಿದರೆ ಅದಕ್ಕೆ ಬೇರೆ ಅರ್ಥವಾಗುತ್ತದೆ. ಹುಡುಗಿ ಮುಖವನ್ನು ಬಾಗಿಲ ಕಡೆಗೇ ಇಟ್ಟುಕೊಂಡು ಎದ್ದು, ಅದೇ ಬಾಗಿಲಿನಿಂದ ಒಳಗೆ ಹೋದಳು. ಮತ್ತೆ ಬರಲಿಲ್ಲ.

ಬಸ್ಸು ಹತ್ತಿ ಸಾರವಾಡ ದಾಟಿದೆವು. ಆಗ ಮಾಸ್ತರು, "ಲೇ ತಮ್ಮಾ, ನೀ ಹೆಣ್ಣ ನೋಡಾಕ ಬಂದಿದ್ದಿ ಏನ ರೂಪಾಯಿ ಮ್ಯಾಲಿನ ರಾಣಿನ್ನ ನೋಡಾಕ ಬಂದಿದ್ದಿ?" ಅಂದರು. ಮೂಗು ಸ್ವಲ್ಪ ಮೊಂಡು, ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಯೋಚನೆ ಮಾಡುವ ಹಕ್ಕು ಇನ್ನೂ ನನ್ನ ಹತ್ತಿರ ಇದೆ ಎಂದೇ ತಿಳಿದಿದ್ದೆ.

ಆ ವರ್ಷ ದೀಪಾವಳಿ ಆದ ಮೇಲೆ ವಿಜಾಪುರದಲ್ಲಿ ಡ್ರಾಯಿಂಗ್ ಮಾಸ್ತರರ ಚಿತ್ರಗಳ ಪ್ರದರ್ಶನ ಇಟ್ಟರು. ತಿಕೋಟಾದ ರಾಗಮಾಲೆಯನ್ನು ಅಲ್ಲಿಗೆ ತರಿಸುವ ಹೊಣೆ ನಾನೇ ಮೈಮೇಲೆ ಎಳೆದುಕೊಂಡೆ. ಮಾಸ್ತರಿಗೆ ಮನಸ್ಸಿರಲಿಲ್ಲ. ಬಹಳ ಒತ್ತಾಯ ಮಾಡಿದ ಮೇಲೆ ಹಳೆಯ ಧೋತರದಲ್ಲಿ ಸುತ್ತಿದ ಗಂಟು ಕೊಟ್ಟರು. ಎಣಿಸಿದರೆ ಮೂವತ್ತೈದು.

"ಇನ್ನೊಂದ ಎಲ್ಲೈತ್ರಿ?"

"ಅದು ಮನ್ಯಾಗಿಂದು. ಅದನ್ನ ಕೇಳಬ್ಯಾಡ. ಇವಕ್ಕ ಹಿಂದ ರಟ್ಟ ಹಚ್ಚು, ಅಷ್ಟ ಸಾಕು."

ರಟ್ಟು ಹಚ್ಚಿ ಸುಮ್ಮನಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಎಂಟು ದಿನ ಕಿಡಕಿಯ ಬೆಳಕಿನಲ್ಲಿ ಒಂದೊಂದೇ ಚಿತ್ರ ಪರೀಕ್ಷೆ ಮಾಡಿದೆ. ಆಗ ಕಣ್ಣಿಗೆ ಬಿದ್ದವು: ರಾಗಿಣಿಯ ಗಲ್ಲದ ಮೇಲೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು. ಹಳ್ಳಿಯ ಮನೆ, ಹಳೆಯ ಧೋತರ, ಹುಣಸೆಬೀಜದ ಅಂಟು. ಬೂಷ್ಟು ಹಿಡಿದಿದೆ ಎಂದು ತೀರ್ಮಾನ ಮಾಡಿದೆ. ಆ ಬೂಷ್ಟು ಚಿಗರಿಗೆ ಹತ್ತಿರಲಿಲ್ಲ, ಆಕಾಶಕ್ಕೆ ಹತ್ತಿರಲಿಲ್ಲ, ರಾಗಿಣಿಯ ಪಕ್ಕದಲ್ಲೇ ನಿಂತ ಸಖಿಯರ ಗಲ್ಲಕ್ಕೂ ಹತ್ತಿರಲಿಲ್ಲ. ಅದಕ್ಕೂ ನನ್ನ ಹತ್ತಿರ ವಿವರಣೆ ಇತ್ತು: ನಾಯಕಿಯ ಮೈಬಣ್ಣಕ್ಕೆ ಅಂಟು ಹೆಚ್ಚು ಹಾಕಿರುತ್ತಾರೆ, ಬೂಷ್ಟು ಅಲ್ಲಿಗೇ ಹೋಗುತ್ತದೆ. ಇದನ್ನು ಸ್ಟಾಫ್ ರೂಮಿನಲ್ಲಿ ಗಣಿತದ ಮಾಸ್ತರಿಗೂ ವಿಜ್ಞಾನದ ಮಾಸ್ತರಿಗೂ ತಿಳಿಸಿ ಹೇಳಿದೆ. ಇಬ್ಬರೂ ಒಪ್ಪಿಕೊಂಡರು. ನಮ್ಮ ಸಾಲೆಯ ಗುಣಮಟ್ಟ ಹಾಗಿತ್ತು.

ಮೈಬಣ್ಣ ಹೊಂದಿಸಿ ಕಲಸಿ, ಅತಿ ಸಣ್ಣ ಕುಂಚ ಹಿಡಿದು, ಮೂವತ್ತೈದು ಚಿತ್ರಗಳಲ್ಲಿ ಚುಕ್ಕೆ ಇದ್ದ ಗಲ್ಲವನ್ನೆಲ್ಲ ತಿದ್ದಿದೆ. ಒಂದು ಚುಕ್ಕೆ ಉಳಿಸಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಚೊಕ್ಕ ಕೆಲಸವನ್ನು ಮತ್ತೆಂದೂ ಮಾಡಿಲ್ಲ.

ಪ್ರದರ್ಶನದ ದಿನ ಮಾಸ್ತರು ಹೆಂಡತಿಯನ್ನು ಕರೆದುಕೊಂಡು ಬಂದರು. ಆ ತಾಯಿಯ ಕೈಯ ಚಹಾ ನಾನು ಹತ್ತಾರು ಸಲ ಕುಡಿದಿದ್ದೆ. ಆದರೆ ಬಸಿ ಹಿಡಿದ ಕೈ ಬಿಟ್ಟರೆ ಬೇರೇನೂ ನೋಡಿರಲಿಲ್ಲ. ಆಕೆ ಸದಾ ತಲೆ ತುಂಬ ಸೆರಗು ಹೊದ್ದಿರುತ್ತಿದ್ದರು, ನನ್ನ ಕಣ್ಣು ಸದಾ ಚಿತ್ರದ ಮೇಲಿರುತ್ತಿತ್ತು. ಗಂಡನ ಚಿತ್ರಗಳನ್ನು ಮಂದಿ ನಿಂತು ನೋಡುವುದನ್ನು ಆಕೆ ಕಂಡದ್ದು ಅವತ್ತೇ ಮೊದಲು. ಮೊದಲನೆಯ ಚಿತ್ರದ ಮುಂದೆ ನಿಂತರು. ಎರಡನೆಯದಕ್ಕೆ ಹೋದರು. ಮೂರನೆಯದರ ಮುಂದೆ ಸೆರಗು ಸರಿಸಿ, ತಮ್ಮ ಗಲ್ಲವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು, ಗಂಡನನ್ನು ಮೆಲ್ಲಗೆ ಕೇಳಿದರು:

"ರೀ, ಈಕಿ ಯಾರ್ರೀ?"

ಮಾಸ್ತರು ಚಿತ್ರಕ್ಕೆ ಮುಖ ಹತ್ತಿರ ಒಯ್ದರು. ನಾನು ಹಿಂದಿನಿಂದ ಬಂದು, ಶಹಬ್ಬಾಸ್‌ಗಿರಿಗೆ ಕಾಯುವವನಂತೆ, "ಎಲ್ಲಾ ಬೂಷ್ಟ ತಗದು ಸ್ವಚ್ಛ ಮಾಡೇನ್ರಿ ಸರ್," ಅಂದೆ. ಆ ತಾಯಿ ತಿರುಗಿ ನನ್ನನ್ನು ನೋಡಿದರು. ಬಾಗಿಲಿನ ಬಿಸಿಲು ಆಕೆಯ ಮುಖದ ಮೇಲೆ ಬಿತ್ತು. ಎರಡೂ ಗಲ್ಲದ ಮೇಲೆ ಮೈಲಿಬ್ಯಾನಿಯ, ಅಂದರೆ ಸಿಡುಬಿನ, ಕಲೆಗಳು.

ಭೂಮಿ ಬಾಯಿ ಬಿಡಲಿ ಎಂದು ಅನ್ನಿಸುವುದು ಏನೆಂದು ಅವತ್ತು ತಿಳಿಯಿತು. ಮೂವತ್ತು ವರ್ಷ ಒಬ್ಬ ಮನುಷ್ಯ ತೋಡಿಗೆ, ವಿಭಾಸಕ್ಕೆ, ಮುನಿಸಿನವಳಿಗೆ, ಕಾಯುವವಳಿಗೆ ಒಂದೇ ಮುಖ ಬರೆದಿದ್ದ. ನಾನು ಎಂಟು ದಿನದಲ್ಲಿ ಆ ಮುಖವನ್ನು ಒರೆಸಿ ಹಾಕಿದ್ದೆ. ಅಂಟಿನ ಬಣ್ಣದ ಮೇಲೆ ಅಂಟಿನ ಬಣ್ಣ. ನೀರು ಮುಟ್ಟಿಸಿದರೆ ಮೇಲಿನದರ ಜೊತೆಗೆ ಕೆಳಗಿನದೂ ಎದ್ದು ಬರುತ್ತದೆ. ವಾಪಸು ಪಡೆಯುವ ದಾರಿ ಇರಲಿಲ್ಲ. ಮಾಸ್ತರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಳ್ಳುತ್ತ ನಿಂತರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕೊನೆಗೆ ಇಷ್ಟೇ ಹೇಳಿದರು:

"ನೀ ಅಳಸಿದ್ದು ನೀನ ಇಡು. ಐತವಾರ ಮುಂಜಾನೆ ಬಾ. ಈಕಿನ್ನ ಎದುರಿಗೆ ಕೂಡಿಸಿಕೊಂಡು ನೋಡಿ ಇಡು. ಅಂದಾಜಲೆ ಒಂದೂ ಇಡಬ್ಯಾಡ."

ಹಾಗೆ ಆ ಚಳಿಗಾಲದ ಭಾನುವಾರಗಳೆಲ್ಲ ತಿಕೋಟಾದ ಅಂಗಳದಲ್ಲಿ ಕಳೆದವು. ಆ ತಾಯಿಯನ್ನು ಅವ್ವ ಎಂದೇ ಕರೆಯತೊಡಗಿದ್ದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂರುತ್ತಿದ್ದರು. ನಾನು ಮೂರು ಮೊಳ ದೂರದಲ್ಲಿ ಕುಂಚ ಹಿಡಿದು ಬೆವರುತ್ತಿದ್ದೆ. ಮೊದಲ ದಿನ ನನಗೆ ಮುಖ ಎತ್ತುವುದೇ ಆಗಲಿಲ್ಲ.

"ನೋಡೋ ಯಪ್ಪಾ, ನಾಚತಿ ಯಾಕ?" ಅಂದರು ಅವ್ವ. "ಬಬಲೇಶ್ವರದಾಗ ಒಂದ ಕಣ್ಣ ಮುಚ್ಚಿ ನೋಡಿದ್ದಿಯಂತಲ್ಲ, ಇಲ್ಲಿ ಎರಡೂ ತಗದು ನೋಡು."

ಆ ಸುದ್ದಿ ತಿಕೋಟಾಕ್ಕೂ ಬಂದಿತ್ತು.

ನೋಡಿದೆ. ಎಡಗಲ್ಲದ ಮೇಲೆ ಹನ್ನೊಂದು ಕಲೆ, ಬಲಗಲ್ಲದ ಮೇಲೆ ಐದು. ಎಲ್ಲ ದುಂಡಗಿರಲಿಲ್ಲ. ಕೆಲವು ಉದ್ದ, ಎರಡು ಒಂದಕ್ಕೊಂದು ತಾಗಿದ್ದವು. ನಕ್ಕರೆ ಮೂರು ಕಲೆ ಗುಳಿಯೊಳಗೆ ಹೋಗಿಬಿಡುತ್ತಿದ್ದವು. ಒಮ್ಮೆ ಬಲಕ್ಕೆ ಮುಖ ಮಾಡಿದ ರಾಗಿಣಿಗೆ ಎಡಗಲ್ಲದ ಚುಕ್ಕೆ ಇಡಲು ಹೊರಟಿದ್ದೆ. ಅವ್ವ ಜೋಳ ಬಿಟ್ಟು ಬಗ್ಗಿ ನೋಡಿ, "ಏ, ಈಕಿ ಬಲಕ್ಕ ಹೊಂಟಾಳ. ಐದ ಸಾಕು," ಅಂದರು. ಡಿಪ್ಲೊಮಾ ಇಲ್ಲದವರ ಕಣ್ಣು ಅದು.

ಕಲೆಯ ಕತೆಯನ್ನೂ ಅವರೇ ಹೇಳಿದರು. "ಲಗ್ನ ಗೊತ್ತಾದ ಮ್ಯಾಲ ಮೈಲಿ ಬಂತು. ಇವರ ಮನ್ಯಾಗ ಬ್ಯಾಡ ಅಂದ್ರು. ಇವರ ಒಬ್ಬರ ಬಂದು, ಹೊಸ್ತಲದಾಗ ಕುಂತು, ನನ್ನ ಮಾರಿ ನೋಡಿ ಹ್ವಾದ್ರು. ಒಂದ ಮಾತ ಆಡಲಿಲ್ಲ. ನಾ ಅತ್ತಕೋಂತ ಕುಂತೆ. ಮುಂದಿನ ತಿಂಗಳ ಅಕ್ಕಿಕಾಳ ಬಿದ್ದು, ಲಗ್ನ ಆತು."

ಮೊದಲನೆಯ ಚಿತ್ರ ಮುಗಿಸಿ ತೋರಿಸಿದಾಗ ಮಾಸ್ತರು ಚಿತ್ರ ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಚಿತ್ರ ನೋಡಿದರು.

"ಹನ್ನೊಂದ ಅದಾವೇನೋ?"

"ಎಣಿಸೇನ್ರಿ ಸರ್."

"ಹೂಂ. ಇರಬೇಕ ಬಿಡು."

ವಯಸ್ಸಾಯಿತು, ಕಣ್ಣು ಮಂದವಾಗಿದೆ ಎಂದುಕೊಂಡೆ. ನನ್ನ ಎಣಿಕೆಯ ಮೇಲೆ ನನಗೆ ಪೂರ್ತಿ ಭರವಸೆ ಇತ್ತು.

ಅಷ್ಟು ಭಾನುವಾರ ಒಂದೇ ಮುಖ ನೋಡಿದವನಿಗೆ ಒಂದು ದಿನ ಬಬಲೇಶ್ವರದ ಹುಡುಗಿಯ ಮುಖ ನೆನಪು ಮಾಡಿಕೊಳ್ಳೋಣ ಅನ್ನಿಸಿತು. ಒಂದು ಮೂಗು, ಒಂದು ಕಿವಿ ಬಿಟ್ಟರೆ ಏನೂ ನೆನಪಾಗಲಿಲ್ಲ. ನಾಚಿಕೆಯಾಯಿತು. ಮಾಸ್ತರ ಕಾಲು ಹಿಡಿದು ಮತ್ತೆ ಆ ಮನೆಗೆ ಕರೆದೊಯ್ಯಲು ಕೇಳಿಕೊಂಡೆ. ಈ ಸಲ ಶಿರಾ ಇರಲಿಲ್ಲ, ಬರೀ ಚಹಾ. ಹುಡುಗಿ ಬಂದವಳು ಕೂರಲಿಲ್ಲ. ಕಂಬಕ್ಕೆ ಆತು ನಿಂತು ಹೇಳಿದಳು:

"ಈಗ ನೀವ ಒಂದೀಟ ಬಾಗಲಾ ಕಡೆ ಮಾರಿ ಮಾಡ್ರಿ."

ಮಾಡಿದೆ. ತಲೆಬಾಗಿಲ ಹೊರಗೆ ಕಟ್ಟಿದ್ದ ಎಮ್ಮೆ ನನ್ನನ್ನು ನೋಡುತ್ತಿತ್ತು. ಆಕೆ ಅವಸರ ಮಾಡಲಿಲ್ಲ. ಮಾಸ್ತರು ಚಹಾ ಪೂರ್ತಿ ಕುಡಿದು ಬಸಿ ಕೆಳಗಿಟ್ಟ ಸಪ್ಪಳವೂ ಕೇಳಿಸಿತು.

"ಸಾಕು, ತಿರಗ್ರಿ. ಕಿವಿ ದೊಡ್ಡು ಅದಾವ. ನಡೀತೈತಿ."

ತಿರುಗಿ ಈ ಸಲ ಎರಡೂ ಕಣ್ಣು ತೆರೆದು ನೋಡಿದೆ. ಎಡಹುಬ್ಬಿನ ಮೇಲೆ ಒಂದು ಗಾಯದ ಗುರುತು ಇತ್ತು, ಚಿಕ್ಕವಳಿದ್ದಾಗ ಬಾಗಿಲು ಬಡಿದದ್ದಂತೆ. ಮೊದಲ ಸಲ ಬಲಗಡೆಯನ್ನಷ್ಟೇ ನೋಡಿದ್ದ ನನಗೆ ಅದು ಕಂಡಿರಲೇ ಇಲ್ಲ. ಬೇಸಿಗೆಯಲ್ಲಿ ಮದುವೆಯಾಯಿತು.

ಮಾಸ್ತರು ನಿವೃತ್ತರಾಗಿ ಬಹಳ ದಿನ ಇರಲಿಲ್ಲ. ಆ ದಶಕ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ನಾನು ಸಣ್ಣ ಹುಡುಗನಂತೆ ಅತ್ತೆ. ನನಗೆ ನೋಡುವುದನ್ನು ಕಲಿಸಿದವರು ಅವರೊಬ್ಬರೇ.

ಕೆಲವು ದಿನ ಬಿಟ್ಟು ನಾನು, ನನ್ನ ಹೆಂಡತಿ ತಿಕೋಟಾಕ್ಕೆ ಹೋದೆವು. ಅವ್ವ ನಮ್ಮನ್ನು ಒಳಗಿನ ಖೋಲಿಗೆ ಕರೆದುಕೊಂಡು ಹೋಗಿ ತಮ್ಮ ಸೀರೆಯ ಟ್ರಂಕು ತೆರೆದರು. ಮುಚ್ಚಳದ ಒಳಮೈಗೆ ಒಂದು ಚಿತ್ರ ಅಂಟಿಸಿತ್ತು. ಬಿಲಾವಲ ರಾಗಿಣಿ: ನಲ್ಲನ ಭೇಟಿಗೆ ಹೊರಟವಳು ಎಡಕ್ಕೆ ಮುಖ ಮಾಡಿ, ಕನ್ನಡಿ ನೋಡಿಕೊಂಡು ಕಿವಿಗೆ ಓಲೆ ಹಾಕಿಕೊಳ್ಳುತ್ತಿದ್ದಾಳೆ. ಮೂವತ್ತಾರನೆಯದು. ನನ್ನ ಕೈಗೆ ಸಿಗದೆ ಉಳಿದ ಒಂದೇ ಒಂದು.

ಅಭ್ಯಾಸಬಲದಿಂದ ಚುಕ್ಕೆ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

"ಏಳ ಅದಾವ," ಅಂದರು ಅವ್ವ. "ಎಡಕ್ಕ ಹೊಂಟವರಿಗೆಲ್ಲಾ ಏಳ ಇಡತಿದ್ರು. ಮೊದಲಿಂದನೂ ಏಳ. ನೀ ಹನ್ನೊಂದ ಇಟ್ಟಿ. ನಿಂದ ಖರೇ ಐತಿ ಬಿಡು, ನಾನೂ ಕನ್ನಡಿ ನೋಡಿಕೋತೇನಿ. ಅವರಿಗೆ ಏಳ ಕಾಣತಿದ್ದು."

ಅಳಿಸಿದ್ದನ್ನೆಲ್ಲ ತಿರುಗಿ ಇಟ್ಟುಕೊಟ್ಟೆ, ಲೆಕ್ಕ ಚುಕ್ತಾ ಆಯಿತು ಎಂದು ಇಷ್ಟು ವರ್ಷ ಎದೆ ಎತ್ತಿ ತಿರುಗಿದ್ದೆ. ಆಗ ನಾನು ಆಡಿದ ಮಾತು ನನಗೇ ತಕ್ಕುದಾಗಿತ್ತು:

"ಅವ್ವಾ, ಉಳದ ಚಿತ್ರದಾಗ ನಾಲ್ಕ ನಾಲ್ಕ ಅಳಸಿಬಿಡಲೇನ್ರಿ?"

ಅವ್ವ ಆ ದುಃಖದಲ್ಲೂ ನಕ್ಕುಬಿಟ್ಟರು. ಮೂರು ಕಲೆ ಗುಳಿಯೊಳಗೆ ಹೋದವು.

"ಬ್ಯಾಡೋ ಯಪ್ಪಾ, ನೀ ಮತ್ತ ಕುಂಚ ಹಿಡೀಬ್ಯಾಡ. ಅವು ಮಂದಿ ನೋಡಾಕ. ಮಂದಿ ಹನ್ನೊಂದೂ ನೋಡ್ಲಿ. ಇದೊಂದ ಅವರು ನೋಡಿದ್ದು." ಹಾಗೆಂದು ಮುಚ್ಚಳ ಹಾಕಿದರು.

ತಿರುಗಿ ಬರಲು ಇಬ್ಬರೂ ಬಸ್ಸು ಹತ್ತಿದೆವು. ವಿಜಾಪುರದ ಗುಮ್ಮಟ ಕಾಣುವ ಹೊತ್ತಿಗೆ ನನ್ನ ಹೆಂಡತಿ ನನ್ನ ಕಡೆ ಪೂರ್ತಿ ತಿರುಗಿ ಕೇಳಿದಳು:

"ನನ್ನ ಹುಬ್ಬಿನ ಮ್ಯಾಲಿನ ಗಾಯ ಎಷ್ಟ ಉದ್ದ ಐತ್ರಿ?"

ಅರ್ಧ ಇಂಚು, ತುದಿಯಲ್ಲಿ ಸ್ವಲ್ಪ ಬಾಗಿದೆ. ನನಗೆ ಕಣ್ಣು ಮುಚ್ಚಿ ಬರೆಯಲು ಬರುತ್ತಿತ್ತು.

"ಯಾವ ಗಾಯ?" ಅಂದೆ.

ಆಕೆ ನನ್ನನ್ನೇ ಒಂದು ಕ್ಷಣ ನೋಡಿ, ಕಿಡಕಿಯ ಕಡೆ ಮುಖ ತಿರುಗಿಸಿಕೊಂಡು ನಕ್ಕಳು. "ನಿಮಗ ಇನ್ನೂ ಅವರಂಗ ನೋಡಾಕ ಬರವಲ್ದು ಬಿಡ್ರಿ," ಅಂದಳು.